ದೊರೆ ಪರೀಕ್ಷಿಸಿದ ಬೇಲಿ

ಚಿಕ್ಕತಾಯಮ್ಮನ ಹಿತ್ತಲಲ್ಲಿ ಕಲ್ಲುಕಂಬ ನೆಟ್ಟು ತಂತಿಬಲೆ ಬಿಗಿಯುವ ಕೆಲಸ ಶುರುವಾಯಿತು. ಅದನ್ನು ಕಂಡು ಅವಳ ನಾಯಿ ದೊರೆಗೆ ಹಿಗ್ಗೋ ಹಿಗ್ಗು. ಸಸಿಮಡಿ ಕೆದಕುವ ಕೋಳಿಗಳಿಗೆ ಕೊನೆಗೂ ಸೆರೆಮನೆ ಸಿದ್ಧವಾಗುತ್ತಿದೆ ಎಂದುಕೊಂಡಿತು. ತಾನು ದಾರಿಹೋಕರ ಕಾಲಿಗೆ ಬಾಯಿ ಹಾಕುತ್ತಿದ್ದದ್ದು ಅದರ ನೆನಪಿಗೇ ಬರಲಿಲ್ಲ.

"ನಿಮ್ಮ ತಿರುಗಾಟ ಇಲ್ಲಿಗೆ ಮುಗಿಯಿತು," ಎಂದು ಹೇಂಟೆಗೆ ಹೇಳಿ, ಕೆಲಸ ಎಷ್ಟು ಗಟ್ಟಿ ನೋಡೋಣವೆಂದು ಬೇಲಿಯ ಬುಡ ಕೆರೆದು ಅತ್ತ ನುಸುಳಿ ತೋರಿಸಿತು.

"ಬಲು ಜಾಣ ಕಣೋ ನೀನು," ಎಂದು ಚಿಕ್ಕತಾಯಮ್ಮ ಅದರ ತಲೆ ಸವರಿ, ಬುಡಕ್ಕೆ ಚಪ್ಪಡಿ ಹೂಳಿಸಿದಳು.

ಹೊಗಳಿಕೆ ತಲೆಗೇರಿತು. ಮರುದಿನ ದೊರೆ ಬೇಲಿಯನ್ನೇ ಹಾರಿತು. ಬಲೆ ಆಳೆತ್ತರಕ್ಕಿಂತ ಮೇಲೇರಿತು. ಮೂತಿಯಿಂದ ಚಿಲಕ ಎತ್ತಿ ತೋರಿಸಿದಾಗ ಅದಕ್ಕೊಂದು ಬೀಗವೂ ಬಂತು.

ಹೇಂಟೆ ಕೇಳಿತು: "ದೊರೆಗಳೇ, ಚಿಲಕ ಎತ್ತಲು ನಮಗೆ ಮೂತಿ ಎಲ್ಲಿದೆ? ಈ ಬಂದೋಬಸ್ತು ಯಾರಿಗೆ?"

"ಕಟ್ಟುವ ಕೆಲಸದಲ್ಲಿ ಕೋಳಿಗೇನು ಮಾತು?" ಎಂದು ದೊರೆ ಗದರಿತು.

ಸಂಜೆ ಚಿಕ್ಕತಾಯಮ್ಮ ಮುದ್ದೆಯ ತಟ್ಟೆಯನ್ನು ಬೇಲಿಯೊಳಗೆ ಇಟ್ಟು ಕರೆದಳು. ದೊರೆ ಒಳಗೆ ಓಡಿತು. ಹಿಂದೆ ಬಾಗಿಲು ಮುಚ್ಚಿ ಬೀಗ ಬಿತ್ತು. ಕೆರೆದರೆ ಚಪ್ಪಡಿ, ಹಾರಿದರೆ ಬಲೆ.

ಹೊರಗೆ ಹೇಂಟೆ, ದೊರೆ ಮೊದಲು ತೋಡಿದ್ದ ಸಡಿಲ ಮಣ್ಣಿನಲ್ಲಿ ಹುಳು ಆಯುತ್ತಿತ್ತು.

"ಎಲ್ಲಾದರೂ ಒಂದು ಕಿಂಡಿ ಉಳಿದಿದೆಯಾ, ನೋಡಮ್ಮ," ಎಂದು ದೊರೆ ಅಂಗಲಾಚಿತು.

"ಇದ್ದವನ್ನೆಲ್ಲ ತಾವೇ ತೋರಿಸಿ ಮುಚ್ಚಿಸಿದಿರಲ್ಲ," ಎಂದು ಹೇಂಟೆ ಇನ್ನೊಂದು ಹುಳು ಹೆಕ್ಕಿತು.