ಹೊಸ್ತಿಲಲ್ಲಿ ಒಂದು ಬಕೆಟ್ ತಣ್ಣೀರು

ಪಂತ ಒಂದು ಮೂಟೆ ಸಣ್ಣಕ್ಕಿಯದು. ಗೆದ್ದರೆ ಅಕ್ಕಿ ಅಡುಗೆಯವಳಿಗೆ, ಸೋತರೆ ಅವಳ ಕೆಲಸವೇ ಹೋಯಿತು.

ಚಳ್ಳಕೆರೆಯ ಎಣ್ಣೆ ವ್ಯಾಪಾರಿ ಗೋವರ್ಧನ ಶೆಟ್ಟರಿಗೆ ನಡುರಾತ್ರಿ ಎದ್ದು ಚಕ್ಕುಲಿ ಮೆಲ್ಲುವ ಚಟ. ಡಾಕ್ಟರು ಶೆಟ್ಟರನ್ನು ಬೈದರು. ಶೆಟ್ಟರು ಅಡುಗೆಯವಳ ಮೇಲೆ ಎಗರಿದರು.

"ಡಬ್ಬ ತುಂಬೋಳು ನೀನು. ಒಂದು ತಿಂಗಳು ನನ್ನನ್ನ ತಡಿ ನೋಡೋಣ. ಆದ್ರೆ ನನ್ನ ಮನೇಲಿ ನನಗೇ ಬೀಗ ಹಾಕ್ಕೂಡದು!"

"ಆಗಲಿ ಯಜಮಾನ್ರೇ."

ಅಂದು ರಾತ್ರಿ ಶೆಟ್ಟರು ಎದ್ದು ಬಂದಾಗ ಅವಳು ಅಡುಗೆಮನೆ ಹೊಸ್ತಿಲಲ್ಲಿ ಒಂದು ಬಕೆಟ್ ತಣ್ಣೀರು ಇಟ್ಟುಕೊಂಡು ಕೂತಿದ್ದಳು.

"ಮಲಗಿ ಎದ್ದವರು ಸ್ನಾನ ಮಾಡದೆ ಒಳಗೆ ಕಾಲಿಡಬಾರದು. ಹತ್ತು ವರ್ಷದಿಂದ ದಿನಾ ನಸುಕಲ್ಲಿ ನನಗೆ ಈ ಮಡಿ ಹೇಳಿದೋರು ನೀವೇ."

"ಚಳಿ ಕಣೇ! ನೀರು ಕಾಯಿಸು."

"ಸೌದೆ ದಂಡ ಅಂತ ನನಗೆ ಯಾವತ್ತೂ ಕಾಯಿಸೋಕೆ ಬಿಟ್ಟಿಲ್ವಲ್ಲ?"

"ಹಾಗಾದ್ರೆ ನೀನೇ ತಂದ್ಕೊಡು."

"ನಾನೂ ಇಲ್ಲೇ ಒಂದು ನಿದ್ದೆ ತೆಗೆದು ಎದ್ದೋಳೇ."

ಶೆಟ್ಟರು ಕೆರಳಿದರು. "ಈ ಮಡಿ ಇವತ್ತಿಗೆ ರದ್ದು!"

"ಸಂತೋಷ. ನಾಳೆಯಿಂದ ನಾನೂ ಸ್ನಾನ ಇಲ್ಲದೆ ಒಲೆ ಹಚ್ತೀನಿ. ನಿಮ್ಮ ತಾಯಿಯವರಿಗೆ ನೀವೇ ಹೇಳಿ."

ಒಳಕೋಣೆಯಲ್ಲಿ ತಾಯಿ ಕೆಮ್ಮಿದರು. ಮಡಿಯ ವಿಷಯದಲ್ಲಿ ಆ ಮುದುಕಿಗೆ ಶೆಟ್ಟರೂ ಹೆದರುತ್ತಿದ್ದರು. ಬಕೆಟ್ಟಿಗೆ ಒಂದು ಬೆರಳು ಅದ್ದಿದರು, ಸರಕ್ಕನೆ ತೆಗೆದರು, ಹೋಗಿ ಮಲಗಿದರು. ತಾನಿಟ್ಟ ತೂಕದ ಕಲ್ಲಿಗೆ ತಾನೂ ತೂಗಬೇಕಾದಾಗ ಎಂಥ ವ್ಯಾಪಾರಿಯೂ ಮೆತ್ತಗಾಗುತ್ತಾನೆ.

ಬಕೆಟ್ ಮೂವತ್ತು ರಾತ್ರಿಯೂ ಅಲ್ಲೇ ಇತ್ತು, ಶೆಟ್ಟರು ಒಮ್ಮೆಯೂ ಅದನ್ನು ದಾಟಲಿಲ್ಲ. ಆ ನೀರು ಎಷ್ಟು ಕೊರೆಯುತ್ತದೆಂದು ಶೆಟ್ಟರ ಬೆರಳಿಗೂ ಗೊತ್ತಾಗಿತ್ತು. ಹಾಗಾಗಿ ಕೊನೆಗೆ ಅಡುಗೆಯವಳಿಗೆ ದಕ್ಕಿದ್ದು ಒಂದು ಮೂಟೆ ಸಣ್ಣಕ್ಕಿ, ಮತ್ತು ದಿನಾ ನಸುಕಿಗೆ ಸ್ನಾನಕ್ಕೆ ಒಂದು ಹಂಡೆ ಬಿಸಿನೀರು.