ಬರಗಾಲದಲ್ಲಿ ಹುಟ್ಟಿದ ಆರ್‌ಎನ್‌ಎ

ಒಂದು ಬ್ಯಾಕ್ಟೀರಿಯಾದೊಳಗೆ ಮುದಿ ರೈಬೋಸೋಮ್ ಇತ್ತು. ಜೀನ್‌ಗಳು ಕಳಿಸಿದ ಓಲೆಯನ್ನು ಓದಿ ಪ್ರೋಟೀನ್ ಕಟ್ಟುವುದು ಅದರ ಕಸುಬು. ಕಬ್ಬಿಣಕ್ಕೆ ಬರ ಬಿದ್ದ ದಿನ ಒಂದು ಓಲೆ ಬಂತು. ರೈಬೋಸೋಮ್ ಕೈಹಾಕುವಷ್ಟರಲ್ಲಿ ಚೋಟುದ್ದದ ಆರ್‌ಎನ್‌ಎ ಒಂದು ಓಡಿಬಂದು ಓಲೆಯ ಮೊದಲ ಸಾಲಿಗೇ ಅಂಟಿಕೊಂಡಿತು.

“ಏಳು ಮೇಲೆ!” ಎಂದು ರೈಬೋಸೋಮ್ ಗದರಿತು. “ಕಬ್ಬಿಣ ಧಾರಾಳವಾಗಿದ್ದ ಆ ಕಾಲದಲ್ಲಿ ಇಂಥ ಒಂದೊಂದು ಓಲೆಗೂ ಎಷ್ಟೊಂದು ಪ್ರೋಟೀನ್ ಕಟ್ಟಿದ್ದೇನೆ ಗೊತ್ತೇ? ಆಹಾ, ಎಂಥ ದಿನಗಳು!”

“ಆ ದಿನಗಳನ್ನು ನಾನು ಕಾಣೆ, ಅಜ್ಜಾ. ಬರ ಬಿದ್ದಾಗಲೇ ನಮ್ಮ ಹುಟ್ಟು. ನೀವು ಕಟ್ಟಲಿರುವ ಪ್ರೋಟೀನು ಕಬ್ಬಿಣ ಬೇಡುತ್ತದೆ. ಉಳಿದಿರುವ ಚೂರು ಕಬ್ಬಿಣ ಈ ಬ್ಯಾಕ್ಟೀರಿಯಾದ ಜೀವ ಹಿಡಿದಿಡಲಷ್ಟೇ ಸಾಕು.”

“ನನ್ನ ಕೆಲಸ ಕೆಡಿಸಿ ನೀನು ಸುಖವಾಗಿರು!”

“ನಾನೂ ಇರುವುದಿಲ್ಲ. ತಡೆದ ಓಲೆಯ ಜೊತೆಗೇ ಹೋಗುವುದು ನಮ್ಮ ಪದ್ಧತಿ.”

ಅಷ್ಟರಲ್ಲಿ ಕತ್ತರಿಸುವ ಕಿಣ್ವ ಬಂದು ಎರಡನ್ನೂ ಒಟ್ಟಿಗೇ ತುಂಡರಿಸಿತು.

ಬ್ಯಾಕ್ಟೀರಿಯಾ ಬದುಕಿಕೊಂಡಿತು. ಕಬ್ಬಿಣವೂ ಮರಳಿತು, ಓಲೆಗಳೂ ಮರಳಿದವು. ಈಗ ರೈಬೋಸೋಮ್ ಹಳೆಯ ಸುಭಿಕ್ಷದ ಮಾತೆತ್ತುವುದಿಲ್ಲ. ಪ್ರತಿ ಓಲೆಯ ಮೊದಲ ಸಾಲಿನ ಬಳಿ ಅರೆಗಳಿಗೆ ನಿಂತು, ಆ ಚೋಟುದ್ದದವನ ದಾರಿ ನೋಡುತ್ತದೆ, ಒಳ್ಳೆಯ ಕಾಲದಲ್ಲಿ ಅವನು ಹುಟ್ಟುವುದೇ ಇಲ್ಲವೆಂದು ಗೊತ್ತಿದ್ದೂ.