ಕೆಂಡಸಂಪಿಗೆಗೆ ಕಾವಲು ಕೂತ ಗವಿಯ

ಊರಿನ ಹೆಸರು ಬೇಡ ಬಿಡಿ, ಹೇಳಿದ್ರೆ ಆ ಊರಿನವರು ನನ್ನ ಮೇಲೆ ಮುನಿಸ್ಕೋತಾರೆ. ಅಲ್ಲಿ ನಿಂಗಾಜಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಗವಿಯ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ತೊಂದರೆ!

ನಿಂಗಾಜಮ್ಮನ ತವರಲ್ಲಿ ಒಂದು ಕೆಂಡಸಂಪಿಗೆ ಮರ ಇತ್ತು. ಮದುವೆಯಾಗಿ ಮೂವತ್ತು ವರ್ಷವಾದ್ರೂ ಆ ಹೂವಿನ ವಾಸನೆ ಅವಳು ಮರೆತಿರಲಿಲ್ಲ. ಆ ಮರ ಗಾಳಿಗೆ ಬಿತ್ತು. ಅಣ್ಣ ಮುಂಚೆಯೇ ಅದರದ್ದೊಂದು ಕಸಿ ಗಿಡ ಮಾಡಿಟ್ಟಿದ್ದ. ಒಂದೇ ಒಂದು. "ತರಿಸ್ಕೊ, ಹಿತ್ತಲಲ್ಲಿ ನೆಟ್ಕೊ" ಅಂತ ಹೇಳಿ ಕಳಿಸಿದ.

ನಿಂಗಾಜಮ್ಮ ಮಗನನ್ನ ಕರೆದಳು. "ಲೋ ಗವಿಯ, ಮಾವನ ಮನೆಗೆ ಹೋಗಿ ಗಿಡ ತಗೊಂಡು ಬಾ. ಹಸುಗೂಸು ಎತ್ಕೊಂಡು ಬಂದಂಗೆ ತರಬೇಕು ನೋಡು!"

"ಆಗ್ಲವ್ವ!"

ಸಂಜೆ ಬಂದ. ಗಿಡಕ್ಕೆ ಕುಲಾವಿ ಹಾಕಿದ್ದ. ಎಲೆಗೆ ಕಾಡಿಗೆ ಬೊಟ್ಟು ಇಟ್ಟಿದ್ದ. ದಾರೀಲಿ ಒಂದು ಲೋಟ ಹಾಲೂ ಕುಡಿಸಿದ್ದ.

"ಒಂಚೂರೂ ಅಳಲಿಲ್ಲ ಕಣವ್ವ!"

"ಅಯ್ಯೋ ನನ್ನ ಕರ್ಮವೇ! ಹಾಲು ಯಾಕೋ? ಹೊಸದಾಗಿ ಮನೆಗೆ ಬಂದ ತಕ್ಷಣ ಬುಡಕ್ಕೆ ಒಂದು ಕೊಡ ನೀರು ಹುಯ್ಯಬೇಕು!"

"ಆಗ್ಲವ್ವ!"

ಗಿಡ ನೆಟ್ಟರು, ನೀರು ಹುಯ್ದರು. ಮಾರನೇ ದಿನ ಮಿಲ್ಲಿನಿಂದ ರಾಗಿ ಹಿಟ್ಟಿನ ಮೂಟೆ ಹೊಸದಾಗಿ ಮನೆಗೆ ಬಂತು. ಗವಿಯ ಅದರ ಬುಡಕ್ಕೆ ಒಂದು ಕೊಡ ನೀರು ಹುಯ್ದ. ಸಾಲದೇನೋ ಅಂತ ಇನ್ನೂ ಅರ್ಧ ಕೊಡ ಹುಯ್ದ!

ನಿಂಗಾಜಮ್ಮ ಹಣೆ ಹಣೆ ಚಚ್ಚಿಕೊಂಡಳು. "ನೀರಿನ ತಂಟೆಗೆ ಇನ್ನು ನೀನು ಹೋಗ್ಬೇಡ! ಪಕ್ಕದ ಮನೆ ಕೆಂಪಕ್ಕ ಗೊಬ್ಬರ ಕೊಡ್ತೀನಿ ಅಂದವ್ಳೆ. ಅವಳು ಏನು ಕೊಡ್ತಾಳೋ ತಂದು ಸಂಪಿಗೆ ಬುಡಕ್ಕೆ ಸುರಿ, ಸಾಕು."

"ಆಗ್ಲವ್ವ!"

ನಾಲ್ಕು ದಿನ ಕೆಂಪಕ್ಕ ಗೊಬ್ಬರ ಕೊಟ್ಟಳು, ಗವಿಯ ಸುರಿದ. ಗಿಡ ಎರಡು ಹೊಸ ಎಲೆ ಬಿಟ್ಟಿತು. ನಿಂಗಾಜಮ್ಮನಿಗೆ ಜೀವ ಬಂದಂಗಾಯ್ತು. ಐದನೇ ದಿನ ಸೋಮವಾರ. ಸಾಂಬ್ರಾಣಿ ಹಾಕೋಣ ಅಂದ್ರೆ ಒಲೆ ಆರಿತ್ತು. "ಕೆಂಪಕ್ಕನ ಹತ್ರ ಒಂದಿಷ್ಟು ಕೆಂಡ ಇಸ್ಕೊಂಡು ಬಾರೋ" ಅಂದಳು.

ಕೆಂಪಕ್ಕ ಕೊಟ್ಟಳು. ಗವಿಯ ನೆಟ್ಟಗೆ ಹಿತ್ತಲಿಗೆ ಹೋಗಿ ಸುರಿದ!

ಹೊಗೆ ನೋಡಿ ನಿಂಗಾಜಮ್ಮ ಓಡಿ ಬಂದಳು. "ಏನೋ ಮಾಡ್ದೆ?"

"ಕೆಂಪಕ್ಕ ಕೊಟ್ಲು, ಸುರಿದೆ. ಕೆಂಡಸಂಪಿಗೆ ಅಲ್ವೇನವ್ವ, ಕೆಂಡ ಇಷ್ಟ ಅಂದ್ಕೊಂಡೆ!"

ಈ ಸಲ ಅವಳು ಬಯ್ಯಲಿಲ್ಲ. ಅಲ್ಲೇ ಕಟ್ಟೆ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಅವ್ವ ಬಯ್ಯದೇ ಇದ್ದದ್ದು ನೋಡಿ ಗವಿಯನಿಗೆ ಹೆದರಿಕೆ ಆಯ್ತು. ಬರಿಗೈಲೇ ಕೆಂಡ ಬಾಚಿ ಬಾಚಿ ಎಸೆದ. ಅಂಗೈ ತುಂಬ ಬೊಬ್ಬೆ ಎದ್ದವು.

ಎಲೆ ಸುಟ್ಟುಹೋದವು, ಕಾಂಡ ಉಳೀತು. ಅವನ ಕೈಗೆ ಬೆಣ್ಣೆ ಹಚ್ಚುತ್ತಾ ನಿಂಗಾಜಮ್ಮ ಹೇಳಿದಳು: "ಇನ್ಮೇಲೆ ಗಿಡಕ್ಕೆ ಏನೂ ಹಾಕ್ಬೇಡ ಮಗಾ. ಯಾರೂ ಏನೂ ಹಾಕದಂಗೆ ಕಾವಲು ಕಾಯಿ."

ಆ ವಾರ ಮಳೆ ಬಂತು. ಗವಿಯ ತಾನು ನೆನೀತಾ ಗಿಡಕ್ಕೆ ಕೊಡೆ ಹಿಡಿದು ನಿಂತಿದ್ದ!

"ಮಳೆ ಬೀಳ್ಲಿ ಬಿಡೋ!"

"ನೀನು ಯಾರೂ ಏನೂ ಹಾಕದಂಗೆ ಅಂದ್ಯಲ್ಲವ್ವ!"

"ಮಳೆ ಬಿಸಿಲು ನಾನು ನೋಡ್ಕೋತೀನಿ. ಜನ ಬಂದ್ರೆ ನೀನು ನೋಡ್ಕೊ!"

"ಆಗ್ಲವ್ವ!"

ಮೂರು ವರ್ಷ ಹೀಗೇ ಕಳೀತು. ಗಿಡ ಆಳೆತ್ತರ ಆಯ್ತು. ಒಂದು ಶುಕ್ರವಾರ ಬೆಳಗಾಗೆದ್ದು ನೋಡಿದ್ರೆ ಒಂದು ಹೂವು ಅರಳಿದೆ! ಒಂದೇ ಒಂದು. ವಾಸನೆ ಬೀದಿಗೆಲ್ಲ ಹರಡಿದೆ.

ನಿಂಗಾಜಮ್ಮನಿಗೆ ಓಡಿ ಹೋಗಿ ಮುಖ ಹುದುಗಿಸೋಣ ಅನ್ನಿಸಿತು. ಆದ್ರೆ ಮೊದಲ ಹೂವು ದೇವರದ್ದು. ತಡೆದುಕೊಂಡಳು. "ನಾನು ಹೊಳೇಲಿ ಮಿಂದು ಬರ್ತೀನಿ. ದೇವರಿಗೆ ಏರಿಸೋವರೆಗೂ ಈ ಹೂವು ಒಬ್ಬರೂ ಮೂಸಕೂಡದು. ಗೊತ್ತಾಯ್ತಾ?"

"ಆಗ್ಲವ್ವ!"

ಅವಳು ಮಿಂದು ಒದ್ದೆ ಸೀರೇಲಿ ಬಂದಳು. ಬೀದೀಲಿ ನೋಡ್ತಾಳೆ, ಕೆಂಪಕ್ಕನ ಮೂಗಿಗೆ ಬಟ್ಟೆ ಕಟ್ಟಿದೆ! ಹಾಲಿನವನ ಮೂಗಿಗೆ ಬಟ್ಟೆ! ಪೂಜಾರಪ್ಪನ ಮೂಗು ಕೆಂಪಗೆ ಊದಿದೆ! ಕಟ್ಟಿಹಾಕಿದ ಎಮ್ಮೆ ಮೂತಿಗೂ ಒಂದು ಗೋಣಿಚೀಲ!

"ಏನೋ ಇದೆಲ್ಲ!" ಅನ್ನೋಷ್ಟರಲ್ಲಿ ಗವಿಯ ಹಾರಿ ಬಂದು ಅವ್ವನ ಮೂಗನ್ನೇ ಗಟ್ಟಿಯಾಗಿ ಹಿಡಿದುಬಿಟ್ಟ!

"ಬಿಡೋ!"

"ಒಬ್ಬರೂ ಅಂದ್ಯಲ್ಲವ್ವ!"

ಏನು ಮಾಡ್ತಾಳೆ? ಮೂಗು ಅವನ ಕೈಲಿ ಬಿಟ್ಟು, ಹೂವು ತಾನು ಕಿತ್ತು, ಹಾಗೇ ಇಬ್ಬರೂ ದೇವರ ಗೂಡಿನ ಮುಂದೆ ಬಂದರು. ನೋಡಿದ್ರೆ ಹಿತ್ತಾಳೆ ದೇವರ ಮೂಗಿಗೂ ಹತ್ತಿ ಮೆತ್ತಿದೆ!

"ದೇವರಿಗೆ ಯಾಕೋ?"

"ನಾವು ಏರಿಸೋಕೆ ಮೊದಲೇ ಅವನೂ ಮೂಸಿಬಿಟ್ರೆ?"

ನಿಂಗಾಜಮ್ಮನಿಗೆ ತಡೆಯೋಕೆ ಆಗಲಿಲ್ಲ. ಹೂವು ಹಿಡಿದುಕೊಂಡೇ ನೆಲಕ್ಕೆ ಕೂತು ನಕ್ಕಳು, ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳು. ಗವಿಯ ಗಾಬರಿಯಾಗಿ ಇನ್ನೊಂದು ಕೈಲಿ ಅವಳ ಬಾಯಿಯನ್ನೂ ಮುಚ್ಚಿದ.

"ನಗಬೇಡ ಕಣವ್ವ, ನಗ್ತಾ ನಗ್ತಾ ಬಾಯಲ್ಲೇ ವಾಸನೆ ಎಳ್ಕೊಂಡುಬಿಟ್ಟೀಯ!"